ಬ್ಲೀಡಿಂಗ್ ಹಾರ್ಟ್ ಬಳ್ಳಿ: ನೆಡುವುದು, ಸವರುವುದು, ಕಡ್ಡಿಯಿಂದ ಸಸಿ ಮಾಡುವುದು

ಕೇಳುಗರೇ, ನಮಸ್ಕಾರ.

ಬ್ಲೀಡಿಂಗ್ ಹಾರ್ಟ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ದುಡ್ಡು ಕೊಡುವ ಮೊದಲು ಯಾವುದೆಂದು ನೋಡಿಕೊಳ್ಳಿ. ಬಾಗಿದ ಕಡ್ಡಿಯಲ್ಲಿ ಗುಲಾಬಿ ಬಣ್ಣದ ಹೂಗಳು ಸಾಲಾಗಿ ತೂಗುವ ಚಿತ್ರ ತೋರಿಸಿ ಆನ್‌ಲೈನ್‌ನಲ್ಲಿ ಬೀಜ, ಬೇರು ಮಾರುತ್ತಾರಲ್ಲ, ಅದು ಲ್ಯಾಂಪ್ರೊಕ್ಯಾಪ್ನೋಸ್. ಸೈಬೀರಿಯಾ, ಉತ್ತರ ಚೀನಾ, ಕೊರಿಯಾ ಕಡೆಯದು. ಅದರ ಬೇರು ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿದ್ದರೇನೇ ಮತ್ತೆ ಚೆನ್ನಾಗಿ ಚಿಗುರುವುದು. ಬೆಂಗಳೂರಿನ ಜನವರಿ ಅದರ ಪಾಲಿಗೆ ಚಳಿಯೇ ಅಲ್ಲ. ಆ ಆಸೆ ಬಿಡಿ.

ನಮ್ಮೂರಿಗೆ ಒಗ್ಗುವುದು ಕ್ಲೆರೋಡೆಂಡ್ರಮ್ ಥಾಮ್ಸೋನಿಯೆ, ಪಶ್ಚಿಮ ಆಫ್ರಿಕದ ಬಳ್ಳಿ. ಗಾಳಿ ತುಂಬಿದಂತೆ ಉಬ್ಬಿದ ಬಿಳಿ ಪುಷ್ಪಪಾತ್ರೆ, ಅಂದರೆ ಹೂವಿನ ಹೊರಕವಚ, ಅದರ ತುದಿಯಿಂದ ಇಣುಕುವ ರಕ್ತಗೆಂಪು ಹೂ, ಹೂವಿನಾಚೆಗೆ ಚಾಚಿದ ಉದ್ದನೆಯ ಕೇಸರಗಳು. ಕೆಂಪು ಬೇಗ ಉದುರುತ್ತದೆ. ಬಿಳಿ ಮಾತ್ರ ವಾರಗಟ್ಟಲೆ ಉಳಿದು, ನಿಧಾನವಾಗಿ ನಸುನೇರಳೆಗೆ ತಿರುಗುತ್ತದೆ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ವಿಚಾರಿಸಿ.

ಸಸಿ ತಂದಾಗ ಬೇರಿನ ಸುತ್ತ ಗಟ್ಟಿ ಜೇಡಿಯ ಉಂಡೆ ಇದೆಯೇ ನೋಡಿ. ಅದನ್ನು ಹಾಗೇ ಕುಂಡಕ್ಕಿಳಿಸಿದರೆ, ಹಾಕಿದ ನೀರೆಲ್ಲ ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದುಹೋಗಿ ಉಂಡೆಯ ಒಳಗೆ ಬೇರು ಒಣಗುತ್ತದೆ. ಅರ್ಧ ಗಂಟೆ ನೀರಲ್ಲಿಟ್ಟು, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. 12 ಇಂಚಿನ ಕುಂಡ ಸಾಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಜೊತೆಗೊಂದು ಹಿಡಿ ಬೇವಿನ ಹಿಂಡಿ. ಬೆಳಗಿನ ಬಿಸಿಲು ಮೂರು-ನಾಲ್ಕು ಗಂಟೆ ಬೀಳುವ ಪೂರ್ವದ ಬಾಲ್ಕನಿ ಇದಕ್ಕೆ ಹೇಳಿಮಾಡಿಸಿದ ಜಾಗ. ಪೂರ್ತಿ ನೆರಳಲ್ಲಿ ಎಲೆಯಷ್ಟೇ ಬರುತ್ತದೆ. ತಾರಸಿಯ ಏಪ್ರಿಲ್ ಬಿಸಿಲಿಗೆ ಎಲೆಯಂಚು ಸುಡುತ್ತದೆ. ಇದು ಗೋಡೆಗೆ ಅಂಟುವ ಬಳ್ಳಿಯಲ್ಲ, ಸುತ್ತಿಕೊಂಡು ಹತ್ತುವುದು. ಕಿಟಕಿಯ ಗ್ರಿಲ್ಲೋ ದಾರವೋ ಬೇಕೇ ಬೇಕು.

ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿ ಹಾಕಲು ಹೆದರುವವರ ಬಳ್ಳಿ ಉದ್ದಕ್ಕೆ ಹೋಗುತ್ತದೆ, ಹೂ ಮಾತ್ರ ಎಲ್ಲೋ ತುದಿಯಲ್ಲಿ ನಾಲ್ಕು. ಫೆಬ್ರವರಿ ಕೊನೆಗೆ ಪ್ರತಿ ಕವಲನ್ನೂ ಮೂರನೇ ಒಂದು ಭಾಗ ಸವರಿ, ಎಲೆಜೋಡಿಯ ಗೆಣ್ಣಿಗೆ ಸ್ವಲ್ಪ ಮೇಲೆ. ಎಲೆಗಳು ಎದುರುಬದುರಾಗಿ ಇರುವುದರಿಂದ ಒಂದು ಗೆಣ್ಣಿನಿಂದ ಎರಡು ಕುಡಿ ಒಡೆಯುತ್ತವೆ. ಯೂರಿಯಾದಂಥ ಸಾರಜನಕ ಗೊಬ್ಬರ ಸುರಿದರೆ ಮತ್ತೆ ಎಲೆಯ ಕಾಡೇ.

ಸಸಿ ಮಾಡುವುದಕ್ಕೆ ಜೂನ್-ಜುಲೈ ಒಳ್ಳೆಯದು, ಗಾಳಿಯಲ್ಲಿ ತೇವ ಇರುತ್ತದೆ. ಪೆನ್ಸಿಲ್‌ಗಿಂತ ಸಣ್ಣ, ತೀರಾ ಎಳೆಯದೂ ಅಲ್ಲದ, ಬಲಿತು ಕಟ್ಟಿಗೆಯಾಗಿಯೂ ಇರದ ಕಡ್ಡಿ ಆರಿಸಿ. ನಾಲ್ಕರಿಂದ ಆರು ಇಂಚು, ಮೂರು ಗೆಣ್ಣು. ಕೆಳತುದಿಯನ್ನು ಗೆಣ್ಣಿನ ಕೆಳಗೇ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ. ಹಾಗೆ ಮಾಡಿದರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಕೆಳಗಿನ ಎಲೆ ತೆಗೆದು, ಮೇಲಿನೆರಡನ್ನು ಅರ್ಧಕ್ಕೆ ಕತ್ತರಿಸಿ. ಮರಳು, ಕೋಕೋಪೀಟ್ ಸಮಸಮ ಬೆರೆಸಿ, ತಳದಲ್ಲಿ ತೂತಿರುವ ಕಪ್‌ಗೆ ತುಂಬಿ, ಮೊದಲು ಕಡ್ಡಿಯೊಂದರಿಂದ ತೂತು ಮಾಡಿ, ಆಮೇಲೆ ಬೇರು ಬರಿಸುವ ಪುಡಿ ಹಚ್ಚಿದ ತುದಿಯನ್ನು ಇಳಿಸಿ. ಸುಮ್ಮನೆ ಚುಚ್ಚಿದರೆ ಪುಡಿಯೆಲ್ಲ ಮೇಲ್ಮಣ್ಣಲ್ಲೇ ಒರೆಸಿಹೋಗುತ್ತದೆ. ಒಂದು ಗೆಣ್ಣಾದರೂ ಮಣ್ಣಲ್ಲಿರಲಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಿಸಿಲು ನೇರ ಬೀಳದ ಕಡೆ ಇಡಿ.

ಕೆಲವೇ ದಿನಗಳಲ್ಲಿ ಹೊಸ ಎಲೆ ಕಂಡರೆ ಬೇರು ಬಂತೆಂದು ಕಿತ್ತು ನೋಡುವವರು ಬಹಳ. ಆ ಎಲೆ ಕಡ್ಡಿಯೊಳಗಿನ ಕೂಡಿಟ್ಟ ಆಹಾರದಿಂದ ಬಂದದ್ದು. ಬೇರಿಗೆ ನಾಲ್ಕರಿಂದ ಆರು ವಾರ ಬೇಕು. ಕಪ್‌ನ ತಳದ ತೂತಿನಲ್ಲಿ ಬಿಳಿ ಬೇರು ಕಂಡಾಗಲೇ ಕುಂಡಕ್ಕೆ ಬದಲಿಸಿ. ಕಡ್ಡಿಯ ಬುಡ ಕಪ್ಪಾದರೆ ನೀರು ಜಾಸ್ತಿಯಾಗಿದೆ ಅಂತಲೇ ಲೆಕ್ಕ. ಇಷ್ಟೆಲ್ಲ ಬೇಡವೆಂದರೆ ಬಳ್ಳಿಯ ಒಂದು ಕವಲನ್ನು ಪಕ್ಕದ ಕುಂಡಕ್ಕೆ ಬಗ್ಗಿಸಿ, ಗೆಣ್ಣನ್ನು ಮಣ್ಣಲ್ಲಿ ಹುಗಿದು ಕಲ್ಲಿಡಿ. ಬೇರು ಬಿಟ್ಟ ಮೇಲೆ ತಾಯಿಬಳ್ಳಿಯಿಂದ ಕತ್ತರಿಸಿಕೊಳ್ಳಿ.

ಎಲೆಯ ಸಂದಿನಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಕಲಸಿ, ಸಂಜೆ ಸಿಂಪಡಿಸಿ. ನರ ಹಸಿರಾಗಿದ್ದು ಎಳೆಯೆಲೆ ಹಳದಿಯಾದರೆ ಹೆಚ್ಚಿನ ಪಾಲು ಬೋರ್‌ವೆಲ್ಲಿನ ಗಡಸು ನೀರಿನ ಕಾಟ. ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಮಳೆನೀರು ಹಿಡಿದಿಟ್ಟು ಕೊಡಿ. ಡಿಸೆಂಬರ್-ಜನವರಿಯಲ್ಲಿ ಎಲೆ ಉದುರಿದರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಬೆರಳು ಅದ್ದಿ ನೋಡಿ, ಒಂದಿಂಚು ಆಳ ಒಣಗಿದ್ದರಷ್ಟೇ ನೀರು.

ನಮಸ್ಕಾರ.