ಪೊಲೀಸರ ಬದಲು ಯಾರು ಬರಬೇಕಿತ್ತು?

ಕೇಳುಗರಿಗೆ ನಮಸ್ಕಾರ.

ಯಾರಿಗಾದರೂ ಎದೆನೋವು ಬಂದರೆ ನಾವು ಆಂಬ್ಯುಲೆನ್ಸ್ ಕರೆಯುತ್ತೇವೆ. ಪೊಲೀಸರನ್ನು ಕರೆಯೋಣ ಅಂತ ಯಾರಿಗೂ ಹೊಳೆಯುವುದಿಲ್ಲ, ಅಲ್ವಾ? ಆದರೆ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1960ರ ದಶಕದಲ್ಲೂ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದದ್ದು ಹೆಚ್ಚಾಗಿ ಪೊಲೀಸ್ ವ್ಯಾನು. ರೋಗಿಯನ್ನು ಹಿಂದೆ ಮಲಗಿಸಿ, ಪೊಲೀಸರು ಮುಂದೆ ಕೂತು ಗಾಡಿ ಓಡಿಸುತ್ತಿದ್ದರು. ದಾರಿಯಲ್ಲಿ ಚಿಕಿತ್ಸೆ ಅನ್ನುವುದು ಇರಲಿಲ್ಲ ಅಂತಲೇ ಹೇಳಬೇಕು. ಕಪ್ಪು ಜನರು ಹೆಚ್ಚಾಗಿದ್ದ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಗೆ ಆ ವ್ಯಾನೂ ತಡವಾಗಿ ಬರುತ್ತಿತ್ತು, ಕೆಲವೊಮ್ಮೆ ಬರುತ್ತಲೇ ಇರಲಿಲ್ಲ.

1967ರಲ್ಲಿ ಅದೇ ಬಡಾವಣೆಯ ಜನರನ್ನು ಸೇರಿಸಿಕೊಂಡು ಫ್ರೀಡಂ ಹೌಸ್ ಆಂಬ್ಯುಲೆನ್ಸ್ ಸೇವೆ ಶುರುವಾಯಿತು. ಅದಕ್ಕೆ ಸೇರಿದವರಲ್ಲಿ ಅನೇಕರಿಗೆ ಕೆಲಸ ಇರಲಿಲ್ಲ, ಕೆಲವರು ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಡಾಕ್ಟರ್ ಪೀಟರ್ ಸಫರ್ ಅವರು ರೂಪಿಸಿದ ಕಠಿಣ ತರಬೇತಿ ಪಡೆದು, ನಿಂತ ಉಸಿರನ್ನು ಮತ್ತೆ ತರಿಸುವ ಕೆಲಸವನ್ನು ಅವರು ರಸ್ತೆಯಲ್ಲೇ ಮಾಡತೊಡಗಿದರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ತಂದಾಗ ಫ್ರೀಡಂ ಹೌಸ್ ಮುಚ್ಚಿತು. ಆದರೆ ಜೀವ ಉಳಿಸುವುದು ಪೊಲೀಸರ ಕೆಲಸವಲ್ಲ ಅನ್ನುವುದನ್ನು ಆ ಬಡಾವಣೆಯ ಜನ ಮಾಡಿ ತೋರಿಸಿದ್ದರು.

ಈಗ ಇನ್ನೊಂದು ಕರೆಯನ್ನು ನೋಡೋಣ. ಒಬ್ಬರು ಮಾನಸಿಕವಾಗಿ ತೀರಾ ಕಂಗೆಟ್ಟು ಬೀದಿಯಲ್ಲಿ ಕೂಗಾಡುತ್ತಿದ್ದಾರೆ. ಅಲ್ಲಿಗೆ ಬಂದೂಕು ಯಾಕೆ ಹೋಗಬೇಕು?

ಆರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿ 1989ರಿಂದ ಕಹೂಟ್ಸ್ ಅನ್ನುವ ತಂಡ ಇಂಥ ಕರೆಗಳಿಗೆ ಹೋಗುತ್ತಿತ್ತು. ಒಬ್ಬರು ವೈದ್ಯಕೀಯ ಸಹಾಯಕರು, ಒಬ್ಬರು ಸಂಕಟದಲ್ಲಿರುವವರನ್ನು ಸಮಾಧಾನಪಡಿಸುವವರು, ಒಂದು ವ್ಯಾನು. ಆಯುಧ ಇಲ್ಲ. ಡೆನ್ವರ್ ನಗರ 2020ರಲ್ಲಿ ಸ್ಟಾರ್ ಅನ್ನುವ ಹೆಸರಲ್ಲಿ ಇಂಥದ್ದೇ ತಂಡ ಕಟ್ಟಿತು. ಅದು ಓಡಾಡಿದ ಪ್ರದೇಶಗಳಲ್ಲಿ ಸಣ್ಣಪುಟ್ಟ ಅಪರಾಧಗಳ ದೂರು ಶೇಕಡಾ 34ರಷ್ಟು ಇಳಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಇದನ್ನು ಕಟ್ಟುವುದು ಹೇಗೆ? ಮಿನಿಯಾಪೊಲಿಸ್ ನಗರವನ್ನು ನೋಡಿ. 2020ರಲ್ಲಿ ಅಲ್ಲಿನ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿಯ ಹತ್ಯೆಯಾದ ನಂತರ ಅಲ್ಲಿನ ಸಂಘಟಕರು ಸಹಿ ಸಂಗ್ರಹಿಸಿ, ಪೊಲೀಸ್ ಇಲಾಖೆಯ ಜಾಗಕ್ಕೆ ಹೊಸ ಸುರಕ್ಷತಾ ಇಲಾಖೆ ಬರಬೇಕು ಅನ್ನುವ ಪ್ರಸ್ತಾವವನ್ನು 2021ರ ನವೆಂಬರ್‌ನಲ್ಲಿ ಮತಕ್ಕೆ ಹಾಕಿಸಿದರು. ಅದು ಸೋತಿತು. ಆದರೆ ಮರುತಿಂಗಳೇ, ಮಾನಸಿಕ ಸಂಕಟದ ಕರೆಗಳಿಗೆ ಹೋಗುವ ಆಯುಧವಿಲ್ಲದ ತಂಡಗಳು ಅದೇ ನಗರದಲ್ಲಿ ಕೆಲಸಕ್ಕೆ ಇಳಿದವು. ಇಡೀ ಇಲಾಖೆಯ ಬಗ್ಗೆ ಜಗಳವಾಡುವ ಅಕ್ಕಪಕ್ಕದ ಮನೆಯವರೂ ಇಂಥ ಒಂದು ಕರೆಯ ಬಗ್ಗೆ ಬೇಗ ಒಪ್ಪುತ್ತಾರೆ. ಅದಕ್ಕೇ ನನ್ನ ಮಟ್ಟಿಗೆ, ಇಂಥ ತಂಡಕ್ಕಾಗಿ ಜನರನ್ನು ಒಗ್ಗೂಡಿಸಲು ಮನೆಮನೆಗೆ ಹೋದಾಗ ಕೇಳಬೇಕಾದದ್ದು ಇಷ್ಟೇ: ಕಳೆದ ಸಲ ಕರೆ ಮಾಡಿದಾಗ ಯಾರು ಬಂದರು? ಯಾರು ಬರಬೇಕಿತ್ತು?

ಹಾಗೆ ಸಿಕ್ಕ ಉತ್ತರಗಳನ್ನು ಹಿಡಿದು ನಗರದ ಬಜೆಟ್ ಸಭೆಗೆ ಹೋಗಬೇಕು. ಒಂದು ವರ್ಷ ಹೋದರೆ ಸಾಲದು. ಯೂಜೀನ್‌ನಲ್ಲಿ ಮೂವತ್ತೈದು ವರ್ಷ ಓಡಾಡಿದ ಆ ವ್ಯಾನು, ಹಣ ಸಾಲದೆ 2025ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ತಂಡ ಕಟ್ಟಿದ ಮೇಲೂ ಪ್ರತಿ ಬಜೆಟ್‌ಗೆ ಮೊದಲು ಜನ ಸೇರಲೇಬೇಕು: ರಾತ್ರಿ ಪಾಳಿಗೆ ಸಂಬಳ ಇದೆಯಾ, ಕರೆ ಸ್ವೀಕರಿಸುವವರಿಗೆ ತರಬೇತಿ ಆಗಿದೆಯಾ, ಮುಂದಿನ ವರ್ಷದ ಹಣ ಎಲ್ಲಿಂದ ಬರುತ್ತದೆ ಅಂತ ಕೇಳೋದಕ್ಕೆ.

ನಮಸ್ಕಾರ.