ಹುರುಳಿ ಕೊಡಬೇಡಿ

ವೇದಿಕೆಯ ಮೇಲಿರುವ ಹಿರಿಯರಿಗೂ, ಎದುರಿಗೆ ಕೂತಿರುವ ಗೆಳೆಯರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಪ್ರಾಣಿದಯೆ’ ಅಂತ ಅಚ್ಚಾಗಿದೆ. ಅಷ್ಟು ದೊಡ್ಡ ಮಾತಾಡೋ ಯೋಗ್ಯತೆ ನನಗಿಲ್ಲ. ಪಶುಪಾಲನಾ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಮುಕ್ಕಾಲು ಪಾಲು ಆಯುಸ್ಸು ಹಸು ಎಮ್ಮೆಗಳ ಹಿಂದೆ ನಿಂತೇ ಕಳೆಯಿತು. ಮೈಸೂರಿನಲ್ಲಿದ್ದಾಗ ಮಾತ್ರ ಟಾಂಗಾ ಕುದುರೆಗಳೂ ಆಸ್ಪತ್ರೆಗೆ ಬರುತ್ತಿದ್ದವು, ಅವುಗಳಿಂದ ಒಂದಷ್ಟು ಕಲಿತೆ. ಹಾಗಾಗಿ ಇವತ್ತು ಒಂದೇ ಒಂದು ಕುದುರೆಯ ಕತೆ ಹೇಳುತ್ತೇನೆ. ನಿಮ್ಮಲ್ಲಿ ಸ್ವಯಂಸೇವಕರಾಗಿ ಓಡಾಡುವ ಹುಡುಗ ಹುಡುಗಿಯರು ತುಂಬ ಇದ್ದೀರಿ ಅಂತ ಕೇಳಿದೆ. ಕತೆ ನಿಮಗಾಗಿಯೇ.

2021ರ ಜುಲೈ. ಊರ ಹೊರಗಿನ ಒಂದು ಹೊಸ ಬಡಾವಣೆ. ಬೆಳಿಗ್ಗೆ ವಾಕಿಂಗ್ ಹೋಗುವ ಹುಡುಗಿಯೊಬ್ಬಳು ನನಗೆ ಫೋಟೊ ಕಳಿಸಿದಳು. ಖಾಲಿ ಸೈಟಿನಲ್ಲಿ ಗೂಟಕ್ಕೆ ಕಟ್ಟಿದ ಬಿಳಿ ಹೆಣ್ಣು ಕುದುರೆ. ಫೋಟೊದಲ್ಲಿ ಸುತ್ತಲೂ ಹಸಿರು. ನೋಡಿದವರು, ಮೇವಿಗೇನು ಕಮ್ಮಿ, ಅಂದುಕೊಳ್ಳಬೇಕು. ಹೋಗಿ ನೋಡಿದರೆ ಅಷ್ಟೂ ಕಾಂಗ್ರೆಸ್ ಗಿಡ. ಹಗ್ಗ ಎಟುಕುವಷ್ಟು ದೂರದಲ್ಲಿದ್ದ ಗರಿಕೆಯನ್ನು ಬೇರು ಸಮೇತ ಕಿತ್ತು ತಿಂದಾಗಿತ್ತು. ಗೊರಸುಗಳನ್ನು ಯಾವ ಕಾಲದಲ್ಲಿ ಕೆತ್ತಿದ್ದರೋ, ಹಳೇ ಕಾಲದ ಚಡಾವು ಜೋಡಿನ ಮೂತಿಯ ಹಾಗೆ ಮೇಲಕ್ಕೆ ಸುರುಳಿಯಾಗಿದ್ದವು. ಬೆನ್ನ ಮೇಲೆ ಜೀನು ಉಜ್ಜಿ ಆದ ಹುಣ್ಣು, ಅದರ ಮೇಲೆ ಮಳೆ, ಮಳೆಯ ಮೇಲೆ ನೊಣ. ಮದುವೆ ಮೆರವಣಿಗೆಯ ಕುದುರೆ ಅನ್ನೋದು ಹಣೆಪಟ್ಟಿಯಲ್ಲಿ ಉಳಿದಿದ್ದ ನಾಲ್ಕು ಮಿಣುಕು ಮಣಿಗಳಿಂದ ಗೊತ್ತಾಯಿತು.

ಕುದುರೆ ಎಷ್ಟು ಬಡಕಲಾಗಿದೆ ಅಂತ ಹೇಳಲು ನಾವು ಡಾಕ್ಟರುಗಳು ಒಂದು ಅಳತೆ ಇಟ್ಟುಕೊಂಡಿದ್ದೇವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೆನ್ನೆಕೆ ಎಂಬುವವರು 1983ರಲ್ಲಿ ಮಾಡಿದ್ದು. ಒಂದರಿಂದ ಒಂಬತ್ತು. ಒಂದು ಅಂದರೆ ಎಲುಬಿನ ಗೂಡು, ಒಂಬತ್ತು ಅಂದರೆ ಕೊಬ್ಬಿ ಹೋದದ್ದು, ಐದು ಸರಿ. ಇದರಲ್ಲಿ ಕಣ್ಣಿಗಿಂತ ಕೈಗೆ ಕೆಲಸ ಜಾಸ್ತಿ. ಕತ್ತು, ಹೆಗಲು, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ, ಹೀಗೆ ಆರು ಕಡೆ ಬೆರಳೊತ್ತಿ ನೋಡಬೇಕು. ಈ ಕುದುರೆಗೆ ನಾನು ಒಂದೂವರೆ ಬರೆದೆ. ಆ ಅರ್ಧ ಅಂಕ ಕೊಟ್ಟದ್ದು ಯಾಕೆ ಅಂತ ಈಗಲೂ ನನಗೆ ಗೊತ್ತಿಲ್ಲ. ಬಹುಶಃ ನನ್ನ ಸಮಾಧಾನಕ್ಕೆ.

ಇಲ್ಲೊಂದು ಮಾತು ನಡುವೆ ಹೇಳಿಬಿಡುತ್ತೇನೆ. ಬಡಕಲು ಕುದುರೆ ಕಂಡ ಕೂಡಲೇ ಮಾಲೀಕ ಉಪವಾಸ ಕೆಡವಿದ ಅಂತ ತೀರ್ಪು ಕೊಡಬೇಡಿ. ಹಿಂದೊಮ್ಮೆ ವಯಸ್ಸಾದ ಟಾಂಗಾದವರೊಬ್ಬರ ಮೇಲೆ ಹೀಗೇ ದೂರು ಬಂತು. ಜನ ಸೇರಿ ಕೂಗಾಡಿ, ಪಾಪ, ಆ ಮನುಷ್ಯ ಅಳುವ ಹಾಗೆ ಮಾಡಿದ್ದರು. ನಾನು ಹೋಗಿ ನೋಡಿದರೆ ಮೇವಿನ ಚೀಲ ತುಂಬಿದೆ, ಬಕೀಟಿನಲ್ಲಿ ನೀರಿದೆ. ಕುದುರೆಯ ಕಾಲ ಬುಡದಲ್ಲಿ ಮಾತ್ರ ಅಗಿದು ಉಂಡೆ ಮಾಡಿ ಉಗಿದ ಹುಲ್ಲು. ಕುದುರೆಯ ಹಲ್ಲು ವರ್ಷವರ್ಷವೂ ಹೊರಗೆ ಬರುತ್ತಲೇ ಇರುತ್ತದೆ, ಮೇಯುತ್ತಾ ಸವೆಯುತ್ತಲೂ ಇರುತ್ತದೆ. ಓರೆಯಾಗಿ ಸವೆದರೆ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ. ಅರದಿಂದ ಹಲ್ಲು ಉಜ್ಜಿ ಸಮ ಮಾಡಿ, ಜಂತುಹುಳಕ್ಕೆ ಮದ್ದು ಹಾಕಿದೆ. ಎರಡು ತಿಂಗಳಲ್ಲಿ ಕುದುರೆ ಮೈ ತುಂಬಿಕೊಂಡಿತು. ಕೂಗಾಡಿದವರು ಯಾರೂ ಆಮೇಲೆ ಆ ಕಡೆ ಸುಳಿಯಲಿಲ್ಲ.

ಈ ಬಿಳಿ ಕುದುರೆಯ ವಿಷಯ ಬೇರೆ. ಹಲ್ಲು ನೋಡಿದೆ. ಹನ್ನೊಂದೋ ಹನ್ನೆರಡೋ ವರ್ಷ, ಹಲ್ಲು ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಕೀಟು, ತಳದಲ್ಲಿ ಒಣಗಿದ ಪಾಚಿ. ಇಪ್ಪತ್ತು ಹೆಜ್ಜೆ ಆಚೆ ನಲ್ಲಿ. ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರ್ ನೀರು ಬೇಕಾದ ಪ್ರಾಣಿ ಅದು. ಮಾಲೀಕ ಆಮೇಲೆ ಸಿಕ್ಕಿದಾಗ, ‘ಸಾರ್, ಲಾಕ್‌ಡೌನಲ್ಲಿ ಮದುವೆನೇ ಇಲ್ಲ, ಮೇವಿಗೆ ಎಲ್ಲಿಂದ ತರ್ಲಿ’ ಅಂದ. ಇದ್ದ ಎರಡು ಕುದುರೆಯಲ್ಲಿ ಒಂದನ್ನು 2020ರಲ್ಲೇ ಮಾರಿದ್ದ. ತಾನು ಬಾಡಿಗೆ ಆಟೊ ಓಡಿಸುತ್ತಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಒಪ್ಪಿದೆ. ಆದರೆ ನಲ್ಲಿಯ ನೀರಿಗೆ ದುಡ್ಡು ಬೇಕಿರಲಿಲ್ಲ. ಅವನ ಬಗ್ಗೆ ನನಗೆ ಬಂದ ಸಿಟ್ಟೆಲ್ಲ ಆ ಬಕೀಟಿನದು.

ಈಗ ಕಾನೂನಿಗೆ ಬರೋಣ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ರಾಜ್ಯಸಭೆಯಲ್ಲಿ ಸದಸ್ಯೆಯಾಗಿದ್ದ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಹಟ ಹಿಡಿದು ಕೂತದ್ದರಿಂದ ಬಂದ ಕಾನೂನು. ಅದರ 11ನೇ ಕಲಮಿನಲ್ಲಿ ಎಲ್ಲ ಇದೆ. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ಹುಣ್ಣಾದ, ಕೈಲಾಗದ ಪ್ರಾಣಿಯನ್ನು ದುಡಿಸುವುದು ಅಪರಾಧ. ಬೀದಿಗೆ ಬಿಟ್ಟು ಹೋಗುವುದೂ ಅಪರಾಧ. ಶಿಕ್ಷೆ? ಮೊದಲ ಸಲವಾದರೆ ಹತ್ತರಿಂದ ಐವತ್ತು ರೂಪಾಯಿ ದಂಡ. ನಗಬೇಡಿ, ಇವತ್ತಿಗೂ ಅಷ್ಟೇ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ನೂರು ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇನ್ನೂ ಒಂದು ತೊಡಕಿದೆ. ಉಪವಾಸ ಕೆಡವಿದ ಅಪರಾಧದಲ್ಲಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ತನಿಖೆ ಮಾಡುವ ಹಾಗಿಲ್ಲ. ಅದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಹೀಗಾಗಿ ಠಾಣೆಗೆ ಹೋದರೆ ‘ಎನ್‌ಸಿಆರ್ ಕೊಡ್ತೀವಿ, ತಗೊಂಡು ಹೋಗಿ’ ಅಂತಾರೆ, ಅಂದರೆ ಅಸಂಜ್ಞೇಯ ಅಪರಾಧದ ದೂರು ಬರೆದುಕೊಂಡ ಚೀಟಿ. ಕುದುರೆ ಕಂಡರೆ ಕಾಲುನೋವು ಅನ್ನೋ ಗಾದೆಗೆ ನನಗೆ ಅಲ್ಲಿ ಹೊಸ ಅರ್ಥ ಹೊಳೆಯಿತು. ಹಾಗಂತ ಪೊಲೀಸರನ್ನು ಬೈಯಲಾರೆ. ಆ ಹೆಡ್ ಕಾನ್‌ಸ್ಟೇಬಲ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ: ‘ಡಾಕ್ಟ್ರೇ, ಐವತ್ತು ರೂಪಾಯಿ ದಂಡಕ್ಕೆ ನನ್ನ ಪೆಟ್ರೋಲೇ ನೂರು ರೂಪಾಯಿ.’ ಕೊಂದರೆ, ಅಂಗ ಊನ ಮಾಡಿದರೆ ಮಾತು ಬೇರೆ. ಆಗ ಐಪಿಸಿ 429 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 325, ಐದು ವರ್ಷದವರೆಗೆ ಜೈಲು. ಆದರೆ ಸಾಯುವ ತನಕ ಕಾಯುವುದು ನಮ್ಮ ಉದ್ದೇಶ ಅಲ್ಲವಲ್ಲ.

ನೀವು ಬರೆದಿಟ್ಟುಕೊಳ್ಳಬೇಕಾದದ್ದು ಅದೇ ಕಾಯ್ದೆಯ 34ನೇ ಕಲಮು. ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯ ಯಾವ ಪೊಲೀಸ್ ಅಧಿಕಾರಿಯಾದರೂ, ಕ್ರೌರ್ಯ ನಡೆದಿದೆ ಅಂತ ನಂಬಲು ಕಾರಣವಿದ್ದರೆ, ಪ್ರಾಣಿಯನ್ನು ವಶಕ್ಕೆ ತಗೊಂಡು ಪಶುವೈದ್ಯರ ಪರೀಕ್ಷೆಗೆ ಒಪ್ಪಿಸಬಹುದು. ಹೆಡ್ ಕಾನ್‌ಸ್ಟೇಬಲ್ ಸಾಕು. 35ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಅದನ್ನು ಆರೈಕೆ ಕೇಂದ್ರಕ್ಕೋ, ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಪಿಂಜರಾಪೋಲಿಗೋ ಕಳಿಸಬಹುದು. ಕೇಸು ನಡೆಯುವಷ್ಟು ದಿನದ ಮೇವು, ಮದ್ದಿನ ಖರ್ಚನ್ನು ಮಾಲೀಕನಿಂದಲೇ ಮುಚ್ಚಳಿಕೆ ಬರೆಸಿ ವಸೂಲು ಮಾಡಲು 2017ರ ನಿಯಮಗಳಿವೆ. ದಂಡಕ್ಕೆ ಹೆದರದವನು ಈ ಖರ್ಚಿನ ಲೆಕ್ಕ ಕೇಳಿ ಬೆವರುತ್ತಾನೆ. ಇನ್ನೊಂದು: ಅಪರಾಧ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಆಮೇಲೆ ಹೂಡುವ ಹಾಗಿಲ್ಲ. ಅದಕ್ಕೇ ಫೋಟೊಗೆ ತಾರೀಖು ಬೇಕು, ಒಂದೇ ದಿನದ ಹತ್ತು ಫೋಟೊಗಿಂತ ಹತ್ತು ದಿನದ ಹತ್ತು ಫೋಟೊ ಬೇಕು. ಆ ಹುಡುಗಿ ಇದನ್ನು ಯಾರೂ ಹೇಳಿಕೊಡದೇ ಮಾಡಿದ್ದಳು. ದಿನಾ ಅದೇ ಜಾಗದಲ್ಲಿ ನಿಂತು ಒಂದೊಂದು.

ಇಷ್ಟೆಲ್ಲ ಕೈಯಲ್ಲಿ ಹಿಡಿದುಕೊಂಡೂ ನಾನು ಅವತ್ತು ಜಪ್ತಿ ಮಾಡಿಸಲಿಲ್ಲ. ಕೆಲವರಿಗೆ ಈಗಲೂ ಅದು ಸಿಟ್ಟು. ಹುಡುಗರ ಗುಂಪೊಂದು ಟೆಂಪೊ ತಂದು ನಿಲ್ಲಿಸಿತ್ತು, ‘ಈಗಲೇ ಎತ್ತಾಕ್ಕೊಂಡು ಹೋಗೋಣ ಸಾರ್’ ಅಂತ. ಕುದುರೆ ಕಾಲು ಮಡಿಸಿ ಮಲಗಿದರೆ ಏಳಲು ಮೂರು ಸಲ ಒದ್ದಾಡುತ್ತಿತ್ತು. ಅಂಥದ್ದನ್ನು ಟೆಂಪೊ ಹತ್ತಿಸಿದರೆ ಮೊದಲ ತಿರುವಿನಲ್ಲೇ ಬೀಳುತ್ತದೆ. ಬಿದ್ದ ಕುದುರೆಯನ್ನು ಓಡುವ ಗಾಡಿಯೊಳಗೆ ಎಬ್ಬಿಸಲು ಆಗುವುದಿಲ್ಲ. ಒಂದು ವಾರವಾದರೂ ಅದು ಅದೇ ಸೈಟಿನಲ್ಲಿ ಇರಲೇಬೇಕಿತ್ತು. ಒಂದು ವಾರ ಅದರ ಬಳಿ ಹಗಲೂ ರಾತ್ರಿ ಇರಬಲ್ಲವನು ಅಂದರೆ ಎದುರು ಸಾಲಿನಲ್ಲಿ ಮನೆ ಇದ್ದ ಮಾಲೀಕ ಒಬ್ಬನೇ.

ಅವತ್ತೇ ಇನ್ನೊಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಬಡಾವಣೆಯ ಅಮ್ಮ ಒಬ್ಬರು ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸಿ, ಬೆಲ್ಲ ಹಾಕಿ ತಂದಿದ್ದರು. ಎಷ್ಟು ಒಳ್ಳೆಯ ಮನಸ್ಸು! ನಾನು ಪಾತ್ರೆಗೆ ಅಡ್ಡ ನಿಂತೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ತಿಂಗಳುಗಟ್ಟಲೆ ಉಪವಾಸ ಬಿದ್ದ ಮೈ ಮೊದಲು ಕೊಬ್ಬು ಸುಡುತ್ತದೆ, ಆಮೇಲೆ ಸ್ನಾಯು, ಕೊನೆಗೆ ಹೃದಯದ ಸ್ನಾಯುವನ್ನೂ ಬಿಡುವುದಿಲ್ಲ. ಅಂಥ ಮೈಗೆ ಇದ್ದಕ್ಕಿದ್ದಂತೆ ಕಾಳು, ಬೆಲ್ಲ ಬಿದ್ದರೆ ಇನ್ಸುಲಿನ್ ಉಕ್ಕುತ್ತದೆ. ರಕ್ತದಲ್ಲಿ ಅಳಿದುಳಿದಿದ್ದ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತ ಬರಿದಾಗುತ್ತದೆ. ಮೂರನೇ ದಿನವೋ ನಾಲ್ಕನೇ ದಿನವೋ, ಚೇತರಿಸಿಕೊಳ್ಳುತ್ತಿದೆ ಅಂತ ಎಲ್ಲರೂ ಖುಷಿಪಡುವ ಹೊತ್ತಿಗೆ, ಹೃದಯ ನಿಲ್ಲುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಸೈನಿಕರಲ್ಲೂ ಹೀಗೇ ಕಂಡಿತ್ತು. ಅದರ ಮೇಲೆ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೊಟ್ಟೆಯಲ್ಲಿ ಉಬ್ಬಿದರೆ ಹಿಂದಕ್ಕೆ ದಾರಿಯಿಲ್ಲ, ಶೂಲೆಯೇ ಗತಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು ಹೀಗೆ ಸೊರಗಿದ ಕುದುರೆಗಳಿಗೆ ಬೇರೆಬೇರೆ ಮೇವು ಕೊಟ್ಟು ಪರೀಕ್ಷೆ ಮಾಡಿದ್ದಾರೆ. ಗೆದ್ದದ್ದು ಲೂಸರ್ನ್. ನಮ್ಮ ರೈತರು ಅದನ್ನು ಕರೆಯುವುದೇ ಕುದುರೆ ಮೆಂತೆ ಅಂತ! ಅದರಲ್ಲಿ ಪಿಷ್ಟ ಕಮ್ಮಿ, ಪ್ರೋಟೀನು, ರಂಜಕ, ಮೆಗ್ನೀಸಿಯಂ ಚೆನ್ನಾಗಿದೆ. ಲೆಕ್ಕ ಸುಲಭ. ಒಣಗಿಸಿದ ಕುದುರೆ ಮೆಂತೆ ಅರ್ಧ ಕಿಲೊ, ನಾಲ್ಕು ಗಂಟೆಗೊಮ್ಮೆ, ಮೊದಲ ಮೂರು ದಿನ. ಆಮೇಲೆ ನಿಧಾನವಾಗಿ ಏರಿಸುತ್ತಾ ಹೋಗಿ, ಸುಮಾರು ಎರಡು ವಾರದ ಮೇಲೆ ತಿಂದಷ್ಟು. ಕಾಳಿನ ಮಾತೇ ಬೇಡ. ನಾಲ್ಕು ಗಂಟೆಗೊಮ್ಮೆ ಅಂದರೆ ರಾತ್ರಿ ಹನ್ನೆರಡಕ್ಕೂ, ಬೆಳಗಿನ ಜಾವ ನಾಲ್ಕಕ್ಕೂ. ಟೆಂಪೊ ತಂದ ಹುಡುಗರನ್ನು ಕೇಳಿದೆ, ನಾಲ್ಕು ಗಂಟೆಗೆ ಯಾರಪ್ಪಾ ಬರ್ತೀರಿ? ಇಬ್ಬರು ಬಂದರು, ಎರಡು ದಿನ. ಉಳಿದಷ್ಟೂ ದಿನ ಎದ್ದು ಬಂದವನು ಮಾಲೀಕ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು, ಕಂಬಳಿ ಹೊದ್ದು ಬರುತ್ತಿದ್ದ. ಹೆದರಿಕೆಯಿಂದಲೋ, ನಾಚಿಕೆಯಿಂದಲೋ, ನಾನು ಕೇಳಲಿಲ್ಲ. ಬಕೀಟು ಮಾತ್ರ ದಿನಾ ತುಂಬಿರುತ್ತಿತ್ತು.

ನಡುವೆ ದುಡ್ಡಿನ ಮಾತು ಬಂತು. ‘ಇಪ್ಪತ್ತೈದು ಸಾವಿರ ಕೊಡಿ ಸಾರ್, ತಗೊಂಡು ಹೋಗಿ’ ಅಂದ. ಸೇರಿದವರಲ್ಲಿ ಕೆಲವರು ಆಗಲೇ ಚಂದಾ ಎತ್ತಲು ಶುರು ಮಾಡಿದರು. ನಾನು ಬೇಡ ಅಂದೆ. ವರ್ಷಗಳ ಹಿಂದೆ ಒಂದು ತಟ್ಟು ಕುದುರೆಯನ್ನು ನಾವೇ ಹೀಗೆ ಕೊಂಡು ಬಿಡಿಸಿದ್ದೆವು, ದೊಡ್ಡ ಕೆಲಸ ಮಾಡಿದೆವು ಅಂತ ಪೇಡ ಹಂಚಿದ್ದೆವು. ದೀಪಾವಳಿ ಹೊತ್ತಿಗೆ ಅದೇ ಮರಕ್ಕೆ ಇನ್ನೊಂದು ತಟ್ಟು ಕಟ್ಟಿತ್ತು. ಅದನ್ನು ಕೊಂಡದ್ದು ನಮ್ಮ ದುಡ್ಡಿನಲ್ಲಿ. ಈ ಸಲ ಮಾಲೀಕನ ಮುಂದೆ ಎರಡು ಕಾಗದ ಇಟ್ಟೆ. ಒಂದು ನನ್ನ ಪರೀಕ್ಷಾ ವರದಿ, ಜಪ್ತಿ ಆದರೆ ಅವನ ಮೇಲೆ ಬೀಳುವ ಖರ್ಚಿನ ಅಂದಾಜಿನ ಸಮೇತ. ಇನ್ನೊಂದು ಛಾಪಾ ಕಾಗದ: ಕುದುರೆಯನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ, ಮುಂದೆ ಯಾವ ಹಕ್ಕೂ ಇಲ್ಲ, ಹಣ ಪಡೆದಿಲ್ಲ. ಎರಡು ದಿನ ಯೋಚನೆ ಮಾಡಿದ. ಮೂರನೇ ದಿನ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆಯೇ, ‘ಹಾಕ್ರಿ ಸೈನು, ಅದರ ಶಾಪ ನಮಗೆ ಬೇಡ’ ಅಂದದ್ದು. ಸಾಕ್ಷಿ ಹಾಕಿದವರಲ್ಲಿ ಒಬ್ಬರು ಹುರುಳಿ ಬೇಯಿಸಿದ ಅಮ್ಮ.

ಸಾಗಿಸುವ ಮುಂಚೆ ಟೆಟನಸ್ ಚುಚ್ಚುಮದ್ದು ಕೊಟ್ಟೆ. ಕುದುರೆಯಷ್ಟು ಸುಲಭವಾಗಿ ಧನುರ್ವಾಯುವಿಗೆ ಸಿಕ್ಕುವ ಸಾಕುಪ್ರಾಣಿ ಇನ್ನೊಂದಿಲ್ಲ. ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಆಗಲೇಬೇಕು, ಅದು ಮನುಷ್ಯರಿಗೂ ಅಂಟುತ್ತದೆ. ಇದಕ್ಕೆ ರಾಷ್ಟ್ರಮಟ್ಟದ ಪ್ರಯೋಗಾಲಯ ಇರುವುದು ಹರಿಯಾಣದ ಹಿಸಾರ್‌ನಲ್ಲಿ. ರೋಗ ಖಚಿತವಾದರೆ ಕುದುರೆಗೆ ದಯಾಮರಣವೇ ಉಳಿಯುವ ದಾರಿ, ಮದ್ದಿಲ್ಲ. ವರದಿ ಬರುವ ತನಕ ಬೇರೆ ಕುದುರೆಯ ಹತ್ತಿರ ಬಿಡಬಾರದು. ನಮ್ಮದಕ್ಕೆ ಏನೂ ಇರಲಿಲ್ಲ, ಆದರೆ ಆ ದಿನಗಳಲ್ಲಿ ನನಗೆ ನಿದ್ದೆ ಬರಲಿಲ್ಲ.

ಟೆಂಪೊ ಹತ್ತಿಸುವ ಉಪಾಯ ಮಾಲೀಕನದೇ. ಹಲಗೆ ಜೋಡಿಸಿದರೆ ಅದು ಸದ್ದು ಮಾಡುತ್ತದೆ, ಕುದುರೆ ಬೆದರುತ್ತದೆ. ಮೋರಿ ತೋಡಿದ ಮಣ್ಣಿನ ದಿಬ್ಬ ಒಂದಿತ್ತು. ಗಾಡಿಯನ್ನು ಹಿಂದಕ್ಕೆ ತಂದು ದಿಬ್ಬಕ್ಕೆ ತಾಗಿಸಿ, ಒಳಗೆ ಮರಳು ಹರಡಿ, ಮೇಲೆ ಹುಲ್ಲು ಹಾಸಿದೆವು. ಅವನು ಲಗಾಮೂ ಹಿಡಿಯದೆ ಮುಂದೆ ನಡೆದ, ಅದು ಹಿಂದೆ ಹೋಯಿತು. ನಂಜನಗೂಡಿನ ಕಡೆ ಪರಿಚಯದ ರೈತರೊಬ್ಬರ ತೋಟಕ್ಕೆ ಒಯ್ದೆವು. ಗೊರಸನ್ನು ಒಂದೇ ಸಲ ಕೆತ್ತಲಿಲ್ಲ, ಕಾಲಿನ ನರ ಎಳೆದೀತು ಅಂತ ನಾಲ್ಕು ಸಲ ಮಾಡಿ, ಸ್ವಲ್ಪಸ್ವಲ್ಪವೇ. ಮೈ ತುಂಬಲು ನಾಲ್ಕು ತಿಂಗಳು ಹಿಡಿಯಿತು.

ಡಿಸೆಂಬರಿನ ಒಂದು ಭಾನುವಾರ ನಾನು ತೋಟದಲ್ಲಿದ್ದಾಗ ಮಾಲೀಕ ಬಂದ. ಮಾಲೀಕ ಅಂತಲೇ ಬಾಯಿಗೆ ಬರುತ್ತದೆ, ಕ್ಷಮಿಸಿ. ಬೇಲಿಯ ಆಚೆಯೇ ನಿಂತು ಏನೋ ಕೂಗಿದ. ನಾನು, ತೋಟದವರು, ನಾಲ್ಕು ತಿಂಗಳು ಮೇವು ಹಾಕಿದ ಆಳು, ಎಲ್ಲರೂ ಅಲ್ಲೇ ಇದ್ದೆವು. ಕುದುರೆ ನಮ್ಮೆಲ್ಲರನ್ನೂ ಬಿಟ್ಟು, ಕಿವಿ ನಿಮಿರಿಸಿಕೊಂಡು ಅವನ ಕಡೆಗೆ ಓಡಿತು. ಅವನ ಹೆಗಲ ಟವೆಲಿನಲ್ಲಿ ಏನೋ ಗಂಟಿತ್ತು. ಬಿಚ್ಚಿ ನನ್ನ ಮುಖ ನೋಡಿದ. ನೆನೆಸಿ ಬೇಯಿಸಿದ ಹುರುಳಿ.

‘ಕೊಡಬಹುದಾ ಡಾಕ್ಟ್ರೇ?’

‘ಒಂದು ಹಿಡಿ’ ಅಂದೆ.