ಅಂಗುಲದಿಂದ ಮಿಲಿಮೀಟರ್‌ಗೆ: ಟುಪೊಲೆವ್ ಕಟ್ಟಿದ ಟಿಯು-4

[ಪರದೆ: ವ್ಲಾಡಿವೊಸ್ಟಾಕ್ ನಕ್ಷೆ, 1944]

ಜಪಾನ್, ಮಂಚೂರಿಯಾ ಕಡೆ ಬಾಂಬ್ ಹಾಕಲು ಹೋದ ಮೂರು ಅಮೆರಿಕನ್ ಬಿ-29 ವಿಮಾನಗಳು ಹಿಂದಿರುಗಲಾಗದೆ ಸೋವಿಯತ್ ನೆಲದಲ್ಲಿ ಇಳಿದವು. ಆಗ ಜಪಾನ್ ಜೊತೆ ಸೋವಿಯತ್ ತಟಸ್ಥವಾಗಿತ್ತು. ಸಿಬ್ಬಂದಿ ಕೊನೆಗೆ ಊರು ಸೇರಿದರು, ವಿಮಾನಗಳು ಮಾತ್ರ ಸೇರಲಿಲ್ಲ. 1945ರಲ್ಲಿ ಸ್ಟಾಲಿನ್ ಆಜ್ಞೆ ಬಂತು: ಇದ್ದದ್ದನ್ನು ಇದ್ದ ಹಾಗೇ ಮಾಡಿ. ಹೊಣೆ ಬಿದ್ದದ್ದು ವಿಮಾನ ವಿನ್ಯಾಸಕ ಆಂದ್ರೇ ಟುಪೊಲೆವ್ ಅವರ ಮೇಲೆ. ಹಾಗೆ ಹುಟ್ಟಿದ್ದೇ ಟಿಯು-4.

[ಪರದೆ: ಟುಪೊಲೆವ್ ಭಾವಚಿತ್ರ]

1888ರಲ್ಲಿ ಹುಟ್ಟಿದ ಇವರು ರಷ್ಯಾದ ವಾಯುಯಾನ ವಿಜ್ಞಾನಿ ಝುಕೋವ್ಸ್ಕಿಯವರ ಶಿಷ್ಯ. 1924ರಲ್ಲೇ ಪೂರ್ತಿ ಲೋಹದ ಎಎನ್‌ಟಿ-2 ವಿಮಾನ ಹಾರಿಸಿದ್ದರು. 1937ರಲ್ಲಿ ಬಂಧನವಾಯಿತು, ಕೈದಿಗಳ ವಿನ್ಯಾಸ ಕಚೇರಿಯಲ್ಲಿ ಕೂತೇ ಟಿಯು-2 ಬಾಂಬರ್ ರೂಪಿಸಿದರು. ಬಿಡುಗಡೆ ಸಿಕ್ಕಿದ್ದು 1941ರಲ್ಲಿ. ನಕಲಿನ ಆಜ್ಞೆ ಬಂದಾಗ '64' ಎಂಬ ಸ್ವಂತ ಬಾಂಬರ್ ಯೋಜನೆ ಅವರ ಕೈಯಲ್ಲಿತ್ತು. ಅದನ್ನು ಬದಿಗಿಡಬೇಕಾಯಿತು.

ಒಂದು ಬಿ-29 ಬಿಚ್ಚಿ ಪ್ರತಿ ಭಾಗ ಅಳೆದು, ತೂಗಿ, ನಕ್ಷೆ ಬರೆದರು. ಇನ್ನೊಂದು ಹಾರಾಟಕ್ಕೆ, ಮತ್ತೊಂದು ಮಾದರಿಗೆ.

[ಪರದೆ: ತಗಡಿನ ಅಡ್ಡಸೀಳು]

ನಿಜವಾದ ತಲೆನೋವು ತಗಡಿನದು. ಅಮೆರಿಕದ ಅಳತೆ ಅಂಗುಲದಲ್ಲಿ. ಒಂದು ಅಂಗುಲದ ಹದಿನಾರನೇ ಒಂದು ಭಾಗ ಅಂದರೆ 1.5875 ಮಿ.ಮೀ. ಸೋವಿಯತ್ ಕಾರ್ಖಾನೆಗಳಲ್ಲಿ ಆ ದಪ್ಪದ ತಗಡೇ ಬರುತ್ತಿರಲಿಲ್ಲ. 1.5 ಮಿ.ಮೀ. ಹಾಕಿದರೆ ಶೇ 5ಕ್ಕಿಂತ ಹೆಚ್ಚು ತೆಳುವಾಗಿ ಬಲ ತಗ್ಗುತ್ತದೆ. ಎಲ್ಲ ಕಡೆ ದಪ್ಪದ್ದೇ ಹಾಕಿದರೆ ತೂಕ ಏರಿ ದೂರ ಹಾರುವ ಶಕ್ತಿ ಹೋಗುತ್ತದೆ. ಹಾಗಾಗಿ ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ಜಾಗ ಜಾಗಕ್ಕೂ ಹೊಸದಾಗಿ ಲೆಕ್ಕ ಹಾಕಿ, ಒಂದೆಡೆ ತೆಳು, ಇನ್ನೊಂದೆಡೆ ದಪ್ಪ ತಗಡು ಆರಿಸಿದರು. ಇಷ್ಟೆಲ್ಲ ಆಗಿಯೂ ಖಾಲಿ ತೂಕ ಮೂಲಕ್ಕಿಂತ ಸುಮಾರು ಶೇ 1ರಷ್ಟೇ ಹೆಚ್ಚಾಯಿತು. ಇದನ್ನು ಬರೀ ನಕಲು ಎಂದು ತಳ್ಳಿಹಾಕುವುದು ಅನ್ಯಾಯ.

ಎಂಜಿನ್ ಅಂತೂ ನಕಲಲ್ಲ. ಅದು ಸೋವಿಯತ್ ಎಂಜಿನ್ ವಿನ್ಯಾಸಕ ಶ್ವೆತ್ಸೋವ್ ಅವರ ಎಎಸ್‌ಎಚ್-73ಟಿಕೆ. ಅದರ ಮೂಲ ಹಿಂದೆ ಪರವಾನಗಿ ಪಡೆದು ತಯಾರಿಸಿದ ಅಮೆರಿಕದ ರೈಟ್ ಎಂಜಿನ್. ಬಿ-29ರದೂ ರೈಟ್ ಕಂಪನಿಯದೇ. ಹೀಗಾಗಿ ಜಾಗಕ್ಕೆ ಹೊಂದಿಸುವುದು ಸಾಧ್ಯವಾಯಿತು. ಬಂದೂಕುಗಳ ಬದಲು ಸೋವಿಯತ್ ಫಿರಂಗಿಗಳು ಬಂದವು. ಆರಂಭದಲ್ಲಿ ಎಂಜಿನ್‌ಗೆ ಬೆಂಕಿ, ಪ್ರೊಪೆಲ್ಲರ್ ಅತಿವೇಗಕ್ಕೆ ಹೋಗುವುದು ಬಹಳ ಕಾಡಿದವು.

[ಪರದೆ: ತುಷಿನೊ, 3 ಆಗಸ್ಟ್ 1947]

ಮಾಸ್ಕೋದ ತುಷಿನೊ ವಿಮಾನ ನಿಲ್ದಾಣದ ವೈಮಾನಿಕ ಪ್ರದರ್ಶನದಲ್ಲಿ ಮೊದಲು ಮೂರು ವಿಮಾನ ಹಾರಿದವು. ಅವು ಹಿಡಿದಿಟ್ಟ ಬಿ-29ಗಳೇ ಇರಬೇಕು ಎಂದುಕೊಳ್ಳಬಹುದಿತ್ತು. ಜೊತೆಗೆ ಬಂದ ನಾಲ್ಕನೆಯದು ಅದೇ ರೆಕ್ಕೆಯ ಪ್ರಯಾಣಿಕ ವಿಮಾನ, ಟಿಯು-70. ಅದನ್ನು ಕಂಡ ಮೇಲೆ ಇವನ್ನು ಸೋವಿಯತ್ತೇ ಕಟ್ಟಿದ್ದು ಎಂಬುದರಲ್ಲಿ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಒಟ್ಟು 847 ಟಿಯು-4 ತಯಾರಾದವು. ಅದರ 2.9 ಮೀಟರ್ ವ್ಯಾಸದ ಒಡಲು ಮುಂದಿನ ಬಾಂಬರ್ ಟಿಯು-95ಕ್ಕೂ, ಅದರಿಂದ ಕಡಲು ಕಾಯುವ ಟಿಯು-142ಕ್ಕೂ ಬಂತು. ಭಾರತೀಯ ನೌಕಾಪಡೆ 1988ರಿಂದ 2017ರವರೆಗೆ ಹಾರಿಸಿದ್ದು ಇದೇ ಟಿಯು-142.